ಕೆಮ್ಮುವ ಕೆಲಸಗಾರನೂ ಬೆಂಗಳೂರಿನ ಕ್ಷಯರೋಗ ಸಂಸ್ಥೆಯೂ



ಅಡಿಕೆಯ ಧಾರಣೆ, ಕೊಳವೆಬಾವಿಯ ನೀರು, ಕೊಯ್ಲಿಗೆ ಆಳು ಸಿಗದ ಕಷ್ಟ, ಇವುಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಚರ್ಚೆ ಆಗಾಗ ನಡೆಯುತ್ತಲೇ ಇರುತ್ತದೆ. ಆದರೆ ಸಿಕ್ಕ ಆಳಿನ ಆರೋಗ್ಯದ ವಿಚಾರ ಮಾತ್ರ ಅಪರೂಪ. ಈ ಸಂಚಿಕೆಯಲ್ಲಿ ಸದಸ್ಯರ ಗಮನಕ್ಕೆ ತರಬಯಸುವುದು ಕ್ಷಯರೋಗದ ವಿಷಯವನ್ನು. ಇದು ವೈದ್ಯರ ವಿಷಯ, ಬೆಳೆಗಾರರ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅರವತ್ತು ವರ್ಷಗಳ ಹಿಂದೆ ನಡೆದ ಒಂದು ಸಂಶೋಧನೆಯ ಫಲ ಏನೆಂದು ತಿಳಿದರೆ, ಈ ರೋಗದ ಹತೋಟಿಯಲ್ಲಿ ವೈದ್ಯರಿಗೆ ಎಷ್ಟು ಪಾಲಿದೆಯೋ ನಮಗೂ ಅಷ್ಟೇ ಪಾಲಿದೆ ಎಂಬುದು ಮನವರಿಕೆಯಾದೀತು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕ್ಷಯವೆಂದರೆ ಪಟ್ಟಣದ ರೋಗ, ಗಿರಣಿ ಕೂಲಿಗಳ ರೋಗ ಎಂಬ ನಂಬಿಕೆಯಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1955ರಿಂದ 1958ರವರೆಗೆ ದೇಶದ ಹಲವು ಭಾಗಗಳಲ್ಲಿ ನಡೆಸಿದ ಸಮೀಕ್ಷೆಯು ಈ ನಂಬಿಕೆಯನ್ನು ಅಳಿಸಿಹಾಕಿತು. ಪಟ್ಟಣದಲ್ಲಿ ಎಷ್ಟಿದೆಯೋ ಹಳ್ಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ರೋಗವಿದೆ ಎಂದು ಅದು ತೋರಿಸಿಕೊಟ್ಟಿತು. ಜನರಲ್ಲಿ ಬಹುಪಾಲು ಹಳ್ಳಿಗಳಲ್ಲಿದ್ದುದರಿಂದ ರೋಗಿಗಳಲ್ಲಿ ಬಹುಪಾಲು ಹಳ್ಳಿಯವರೇ ಎಂದಾಯಿತು. ಆಗ ಇದ್ದ ಚಿಕಿತ್ಸೆಯೋ ಸ್ಯಾನಿಟೋರಿಯಂ ಚಿಕಿತ್ಸೆ. ಮೈಸೂರಿನಲ್ಲಿ ಒಂದು, ಮದನಪಲ್ಲಿಯ ಬಳಿ ಆರೋಗ್ಯವರಂನಲ್ಲಿ ಒಂದು, ಹೀಗೆ ಅಲ್ಲಲ್ಲಿ ಇದ್ದ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಮಲಗಿ, ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ ಪಡೆಯಬೇಕು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಳ ಲೆಕ್ಕ. ಬಡ ದೇಶವೊಂದು ಇಷ್ಟೊಂದು ಆಸ್ಪತ್ರೆಗಳನ್ನು ಯಾವ ಕಾಲಕ್ಕೆ ಕಟ್ಟಿ ಮುಗಿಸೀತು?

ಈ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಮದ್ರಾಸಿನಿಂದ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿಟ್ಟು, ಇನ್ನೊಂದು ಗುಂಪಿಗೆ ಅವರವರ ಗುಡಿಸಲುಗಳಲ್ಲೇ ಇರಿಸಿ, ಒಂದೇ ಬಗೆಯ ಔಷಧಿಯನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ವೈದ್ಯರನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದು ಔಷಧಿ ತೆಗೆದುಕೊಂಡವರು ಆಸ್ಪತ್ರೆಯಲ್ಲಿದ್ದವರಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಮನೆಯಲ್ಲಿ ಚಿಕಿತ್ಸೆ ಪಡೆದರೆಂಬ ಕಾರಣಕ್ಕೆ ಮನೆಮಂದಿಗೆ ರೋಗ ತಗಲುವುದೂ ಹೆಚ್ಚಾಗಿರಲಿಲ್ಲ. ಅಂದಮೇಲೆ ಹಾಸಿಗೆಗಳನ್ನು ಕಾಯುತ್ತ ಕೂರಬೇಕಾಗಿಲ್ಲ, ಔಷಧಿಯನ್ನು ರೋಗಿಯ ಮನೆಗೆ ತಲುಪಿಸಿದರೆ ಸಾಕು ಎಂದಾಯಿತು.

ಆದರೆ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಹಳ್ಳಿಗೆ ಎಕ್ಸ್‌ರೇ ವಾಹನ ಕಳುಹಿಸಬೇಕೇ? ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ್ದೇ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ನೆರವಿನಿಂದ ಭಾರತ ಸರ್ಕಾರವು ಇದನ್ನು 1959ರಲ್ಲಿ ಬಳ್ಳಾರಿ ರಸ್ತೆಯ ಅವಲಾನ್ ಎಂಬ ಬಂಗಲೆಯಲ್ಲಿ ಸ್ಥಾಪಿಸಿತು. 1960ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಈ ಸಂಸ್ಥೆಯ ವಿಶೇಷವೆಂದರೆ ಅಲ್ಲಿ ವೈದ್ಯರಷ್ಟೇ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞರು, ಸಮಾಜ ವಿಜ್ಞಾನವನ್ನು ಬಲ್ಲವರು, ದಾದಿಯರು, ಪ್ರಯೋಗಾಲಯದವರು ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಯೋಚಿಸಿದರು. ಯೋಚನೆಯನ್ನು ಬೆಂಗಳೂರಿನಲ್ಲೇ ಮುಗಿಸದೆ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ನಮ್ಮ ಹಿರಿಯೂರಿನಿಂದ ಹೆದ್ದಾರಿ ಹಿಡಿದರೆ ಶಿರಾ ತಾಲ್ಲೂಕು, ಹೊಸದುರ್ಗದಿಂದ ಆಚೆ ಹೋದರೆ ಹುಳಿಯಾರು. ಆ ಜಿಲ್ಲೆಯ ಜನರ ಬದುಕಿಗೂ ನಮ್ಮ ಜನರ ಬದುಕಿಗೂ ಹೆಚ್ಚು ಅಂತರವಿಲ್ಲ. ಅದೇ ರಾಗಿ, ಅದೇ ತೆಂಗು, ಅದೇ ಬರ.

ಅಲ್ಲಿ ಮೊದಲು ಮನೆಮನೆ ಸಮೀಕ್ಷೆ ನಡೆಸಿ ಯಾರಿಗೆ ರೋಗವಿದೆ ಎಂದು ಗುರುತಿಸಲಾಯಿತು. ಆಮೇಲೆ ಡಾ. ದೇಬಬರ್ ಬ್ಯಾನರ್ಜಿ ಮತ್ತು ಡಾ. ಸ್ಟಿಗ್ ಆಂಡರ್ಸನ್ ಅವರ ತಂಡವು ಆ ರೋಗಿಗಳ ಬಳಿ ಹೋಗಿ, ನಿಮಗೆ ಏನು ತೊಂದರೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ವಿದ್ಯಾವಂತರೆಲ್ಲ ತಿಳಿದಿದ್ದ ಕಾಲ ಅದು. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಕಥೆ ಹೇಳಿತು. ಬಹುತೇಕ ಎಲ್ಲ ರೋಗಿಗಳಿಗೂ ತಮಗೇನೋ ತೊಂದರೆಯಿದೆ ಎಂಬ ಅರಿವಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೋ ವೈದ್ಯರ ಬಳಿಗೋ ಹೋಗಿ ಬಂದಿದ್ದರು. ಆದರೆ ಅಲ್ಲಿ ಅವರ ಕಫವನ್ನು ಪರೀಕ್ಷಿಸುವವರಿರಲಿಲ್ಲ. ಕೆಮ್ಮಿನ ಔಷಧಿಯ ಸೀಸೆಯೊಂದನ್ನು ಕೈಗಿತ್ತು ಮನೆಗೆ ಕಳುಹಿಸಲಾಗಿತ್ತು.

ಸದಸ್ಯರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. ರೋಗಿ ಬಂದಿದ್ದ, ಸಂಸ್ಥೆ ಅವನನ್ನು ಗುರುತಿಸಲಿಲ್ಲ. ತಪ್ಪು ಹಳ್ಳಿಯವನದಲ್ಲ, ಬಾಗಿಲಿನವರೆಗೆ ಬಂದವನನ್ನು ಹಿಂದಕ್ಕೆ ಕಳುಹಿಸಿದ ವ್ಯವಸ್ಥೆಯದು. ಬಡ ಜನರ ಬಗ್ಗೆ ಮೇಲಿನವರು ಇಟ್ಟುಕೊಂಡಿದ್ದ ತಿರಸ್ಕಾರಕ್ಕೆ ಅಂಕಿಸಂಖ್ಯೆಯ ಮೂಲಕ ಕೊಟ್ಟ ಇಂಥ ಉತ್ತರ ನಮ್ಮ ದೇಶದ ಸಂಶೋಧನೆಯಲ್ಲಿ ವಿರಳ ಎಂದೇ ನಮ್ಮ ಭಾವನೆ.

ಈ ಅರಿವಿನ ಮೇಲೆಯೇ ಕಾರ್ಯಕ್ರಮವನ್ನು ಕಟ್ಟಲಾಯಿತು. ಹೊಸ ಆಸ್ಪತ್ರೆ ಬೇಡ. ಇರುವ ಆರೋಗ್ಯ ಕೇಂದ್ರಕ್ಕೆ ಒಂದು ಸೂಕ್ಷ್ಮದರ್ಶಕ ಕೊಡಿ, ದೀರ್ಘಕಾಲ ಕೆಮ್ಮುವವನು ತಾನಾಗಿ ಬಂದಾಗ ಅವನ ಕಫ ನೋಡಿ, ರೋಗವಿದ್ದರೆ ಔಷಧಿ ಕೊಟ್ಟು ಮನೆಗೆ ಕಳುಹಿಸಿ, ಇಷ್ಟೇ ಅದರ ಸಾರ. ಇದಕ್ಕೆ ಮಾದರಿಯಾಗಿ ಆರಿಸಿದ್ದು ನಮ್ಮ ಚಳ್ಳಕೆರೆಯ ಗಡಿಯಾಚೆಯ ಅನಂತಪುರ ಜಿಲ್ಲೆಯನ್ನು. 1962ರಿಂದ ಇದು ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಔಷಧಿ ಸಿಗದ ರೋಗಿಯ ಗತಿ ಏನಾಗುತ್ತದೆಂಬುದನ್ನೂ ಇದೇ ಸಂಸ್ಥೆ ಲೆಕ್ಕ ಹಾಕಿದೆ. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಡೆದ ಅಧ್ಯಯನದಲ್ಲಿ, ಕಫದಲ್ಲಿ ರೋಗಾಣು ಕಂಡವರನ್ನು ಐದು ವರ್ಷಗಳ ಬಳಿಕ ನೋಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರನೇ ಒಂದು ಪಾಲು ತಾವಾಗಿಯೇ ಗುಣವಾಗಿದ್ದರು. ಉಳಿದವರು, ಅಂದರೆ ಶೇಕಡ 18ರಷ್ಟು ಮಂದಿ, ಇನ್ನೂ ಕೆಮ್ಮುತ್ತ ಇತರರಿಗೆ ರೋಗ ಹರಡುತ್ತಲೇ ಇದ್ದರು. ಕ್ಷಯವೆಂಬುದು ತಾನಾಗಿ ವಾಸಿಯಾಗುವ ಕೆಮ್ಮಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟು ಒಳ್ಳೆಯ ಬುನಾದಿಯಿದ್ದೂ ರೋಗ ಏಕೆ ತೊಲಗಲಿಲ್ಲ ಎಂದು ಕೇಳುವುದು ನ್ಯಾಯ. ಯೋಜನೆ ಚೆನ್ನಾಗಿತ್ತು, ಅದಕ್ಕೆ ಒದಗಿಸಿದ ಹಣ, ಔಷಧಿ, ಸಿಬ್ಬಂದಿ ಸಾಲದಾಯಿತು. ಅನೇಕರು ಔಷಧಿಯನ್ನು ಅರ್ಧಕ್ಕೇ ಬಿಟ್ಟರು. 1992ರಲ್ಲಿ ಕಾರ್ಯಕ್ರಮವನ್ನು ಪುನರ್ವಿಮರ್ಶೆ ಮಾಡಿ, 1997ರಿಂದ ಪರಿಷ್ಕೃತ ಕಾರ್ಯಕ್ರಮವನ್ನು ಹಂತಹಂತವಾಗಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. 2025ರೊಳಗೆ ಕ್ಷಯವನ್ನು ನಿರ್ಮೂಲ ಮಾಡುವುದಾಗಿ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಆ ಗುರಿ ಮುಟ್ಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನಕ್ಕೆ 237 ಇದ್ದ ಹೊಸ ರೋಗಿಗಳ ಸಂಖ್ಯೆ 2024ರಲ್ಲಿ 187ಕ್ಕೆ ಇಳಿದಿದೆ. ಇಳಿದದ್ದು ಸಂತೋಷ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇನ್ನೂ ನಮ್ಮ ದೇಶದಲ್ಲೇ ಇದ್ದಾರೆ.

ಇನ್ನೊಂದು ಅಂಕಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕೆಮ್ಮು ಮೊದಲಾದ ಲಕ್ಷಣಗಳಿದ್ದವರ ಪೈಕಿ ಶೇಕಡ 64ರಷ್ಟು ಮಂದಿ ಚಿಕಿತ್ಸೆಗೆಂದು ಎಲ್ಲಿಗೂ ಹೋಗಿರಲಿಲ್ಲ. ತುಮಕೂರಿನ ಲೆಕ್ಕವು ರೋಗ ಖಚಿತವಾದವರದು, ಇದು ಲಕ್ಷಣವಿದ್ದವರೆಲ್ಲರದು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ರಸ್ತೆ, ಬಸ್ಸು, ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆಯರು ಎಲ್ಲ ಇರುವ ಈ ಕಾಲದಲ್ಲಿ ಇಷ್ಟೊಂದು ಜನ ಏಕೆ ಹೋಗುವುದಿಲ್ಲ? ಬಹಳ ಮಂದಿ ಲಕ್ಷಣವನ್ನು ಅಲಕ್ಷಿಸಿದರೆಂದು ಸಮೀಕ್ಷೆ ಹೇಳುತ್ತದೆ. ಕೂಲಿಯವನು ಏಕೆ ಅಲಕ್ಷಿಸುತ್ತಾನೆಂದು ತಿಳಿಯಲು ನಮಗೆ ಸಮೀಕ್ಷೆ ಬೇಡ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ವರದಿ ತರಲು ಇನ್ನೊಂದು ದಿನ. ರೋಗವೆಂದು ಗೊತ್ತಾದರೆ ಮೇಸ್ತ್ರಿ ಮುಂದಿನ ಸಲ ಕರೆಯುವುದಿಲ್ಲ. ಕೆಮ್ಮನ್ನು ನುಂಗಿಕೊಂಡು ದುಡಿಯುವುದೇ ಅವನ ಲೆಕ್ಕದಲ್ಲಿ ಲಾಭ.

ಇಲ್ಲಿಯೇ ಬೆಳೆಗಾರರ ಪಾತ್ರ ಬರುವುದು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಸುತ್ತ ಅಡಿಕೆ ಸುಗ್ಗಿ ಶುರುವಾದರೆ ಗೊನೆ ಇಳಿಸುವವರು, ಸುಲಿಯುವವರು, ಬೇಯಿಸುವವರು, ಒಣಗಿಸುವವರು ಎಲ್ಲ ಸೇರಿ ತಿಂಗಳುಗಟ್ಟಲೆ ಒಂದೆಡೆ ಇರುತ್ತಾರೆ. ಸುಲಿಯುವ ಕೆಲಸವಂತೂ ರಾತ್ರಿಯವರೆಗೆ ಒಂದೇ ಚಪ್ಪರದಡಿ ಒತ್ತೊತ್ತಾಗಿ ಕುಳಿತು ನಡೆಯುವಂಥದು. ಆ ಕಡೆ ಕಾಫಿ ಕೊಯ್ಲಿಗೆಂದು ನಮ್ಮ ಬಯಲುಸೀಮೆಯ ಜನ ಚಿಕ್ಕಮಗಳೂರಿನ ಘಟ್ಟ ಹತ್ತುತ್ತಾರೆ. ಅಲ್ಲಿ ಲೈನು ಮನೆಯ ಒಂದೇ ಕೋಣೆಯಲ್ಲಿ, ಚಳಿಗೆಂದು ಕಿಟಕಿ ಮುಚ್ಚಿಕೊಂಡು, ಇಡೀ ಸಂಸಾರ ಮಲಗುತ್ತದೆ. ಕ್ಷಯ ಹರಡುವುದು ಗಾಳಿಯಿಂದ. ತಟ್ಟೆ ಲೋಟದಿಂದಲ್ಲ, ಮುಟ್ಟಿದ್ದರಿಂದಲ್ಲ. ಮುಚ್ಚಿದ ಕೋಣೆಯಲ್ಲಿ ಚಿಕಿತ್ಸೆಯಿಲ್ಲದೆ ಕೆಮ್ಮುವ ಒಬ್ಬನಿದ್ದರೆ ಸಾಕು.

ಇನ್ನು ಸುಗ್ಗಿ ಮುಗಿದರೆ ಜನ ಊರಿಗೆ ಹೊರಡುತ್ತಾರೆ. ಚಿಕಿತ್ಸೆ ಆರು ತಿಂಗಳು, ಸುಗ್ಗಿ ಮೂರು ನಾಲ್ಕು ತಿಂಗಳು. ಔಷಧಿ ಶುರುಮಾಡಿದ ಕೆಲವೇ ವಾರಗಳಲ್ಲಿ ಜ್ವರ ಇಳಿದು ಕೆಮ್ಮು ಕಡಿಮೆಯಾಗುವುದರಿಂದ ಗುಣವಾಯಿತೆಂದು ತಿಳಿದು, ಊರು ಬದಲಾದೊಡನೆ ಮಾತ್ರೆ ಬಿಡುವವರುಂಟು. ಹಾಗೆ ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಆಗ ಬೇಕಾಗುವ ಚಿಕಿತ್ಸೆ ಇನ್ನಷ್ಟು ಕಠಿಣ.

ಇದು ಸರ್ಕಾರದ ಕೆಲಸ, ಸಂಘಕ್ಕೇಕೆ ಈ ಉಸಾಬರಿ ಎಂದು ಕೆಲವು ಸದಸ್ಯರು ಹೇಳಬಹುದು. ಪರೀಕ್ಷೆ ಮಾಡುವುದು, ಔಷಧಿ ಕೊಡುವುದು ಸರ್ಕಾರದ ಕೆಲಸವೇ ಹೌದು. ಅದನ್ನು ಅದು ಉಚಿತವಾಗಿಯೇ ಮಾಡುತ್ತಿದೆ. ಆದರೆ ಕೂಲಿ ಕಳೆದುಕೊಳ್ಳದೆ ಆರೋಗ್ಯ ಕೇಂದ್ರಕ್ಕೆ ಹೋಗಿಬರುವ ಒಂದು ದಿನವನ್ನು ಕೊಡಬಲ್ಲವರು ಯಾರು? ಸರ್ಕಾರವಲ್ಲ, ತೋಟದ ಯಜಮಾನರು. ರೋಗವಿದ್ದರೂ ಕೆಲಸ ಹೋಗದೆಂಬ ಭರವಸೆ ಕೊಡಬಲ್ಲವರು ಯಾರು? ಅವರೇ. ಅಡಿಕೆ ಮರ ಹಳದಿಗೆ ತಿರುಗಿದರೆ ತಜ್ಞರನ್ನು ಕರೆಸಿ ಎಲೆ, ಮಣ್ಣು ಪರೀಕ್ಷೆ ಮಾಡಿಸುವ ನಾವು, ಮರ ಹತ್ತುವವನು ಬಡಕಲಾಗುತ್ತ ಬಂದರೆ ಅಂಗಡಿಯಿಂದ ಕೆಮ್ಮಿನ ಔಷಧಿ ತರಿಸಿ ಸುಮ್ಮನಾಗುವುದು ಯಾವ ವಿವೇಕ? 1963ರಲ್ಲಿ ಆಸ್ಪತ್ರೆಗಳ ಬಗ್ಗೆ ಆ ವರದಿ ಹೇಳಿದ್ದನ್ನು ಇಂದು ತೋಟಗಳ ಬಗ್ಗೆ ಯಾರೂ ಹೇಳುವಂತಾಗಬಾರದು.

ಆಹಾರದ ಮಾತನ್ನೂ ಇಲ್ಲಿ ಹೇಳಬೇಕು. ಮದ್ರಾಸಿನ ಅಧ್ಯಯನದ ಬಳಿಕ ಔಷಧಿಯೊಂದಿದ್ದರೆ ಸಾಕು, ಆಹಾರ ಮುಖ್ಯವಲ್ಲ ಎಂದು ಕೆಲವರು ತಿಳಿದರು. ಅದು ಅರ್ಧ ಸತ್ಯ. ರೋಗಾಣುವನ್ನು ಕೊಲ್ಲುವುದು ಔಷಧಿಯೇ. ಆದರೆ ರೋಗ ಬಾರದಂತೆ ತಡೆಯುವುದರಲ್ಲಿ ಅನ್ನಕ್ಕೂ ಪಾಲಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೊಡಗೂಡಿ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 40ರಷ್ಟು ಕಡಿಮೆಯಾಯಿತು. ರೋಗಿಗಳಲ್ಲೂ ಬೇಗ ಮೈತೂಕ ಹೆಚ್ಚಿದವರಲ್ಲಿ ಸಾವು ಕಡಿಮೆ ಕಂಡಿತು. ಅಕ್ಕಿ ಬೇಳೆ ಇಷ್ಟು ಮಾಡಬಲ್ಲದೆಂದರೆ ಅದನ್ನು ಕೊಡದಿರಲು ನಮಗೆ ನೆಪವೇ ಉಳಿಯದು.

ಚಿಕಿತ್ಸೆಯಲ್ಲಿರುವ ರೋಗಿಯ ಬ್ಯಾಂಕ್ ಖಾತೆಗೆ ಸರ್ಕಾರವು ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದೆ. ಇದಲ್ಲದೆ 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳು, ಕಂಪನಿಗಳು, ಸಹಕಾರ ಸಂಘಗಳು ರೋಗಿಗಳಿಗೆ ಆಹಾರದ ಕಿಟ್ ಒದಗಿಸುವ ಹೊಣೆ ಹೊರಬಹುದು. ಸಹಕಾರ ಸಂಘಗಳೆಂಬ ಮಾತು ಆ ಯೋಜನೆಯಲ್ಲೇ ಇದೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಆದ್ದರಿಂದ ಈ ಕೆಳಗಿನ ಸಲಹೆಗಳನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲನೆಯದು, ಎರಡು ವಾರ ಮೀರಿ ಕೆಮ್ಮುವ, ಸಂಜೆ ಜ್ವರ ಬರುವ, ಮೈ ಇಳಿಯುತ್ತಿರುವ ಕೆಲಸಗಾರರು ಯಾರೇ ಇರಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆಗೆ ಕಳುಹಿಸಬೇಕು. ಆ ದಿನದ ಕೂಲಿಯನ್ನು ತೋಟದವರು ಕೊಡಬೇಕು. ಅಡಿಕೆಯನ್ನು ಖೇಣಿಗೆ ಕೊಟ್ಟಿದ್ದರೆ ಖೇಣಿದಾರರೊಡನೆ ಮಾತಾಡುವಾಗಲೇ ಈ ಷರತ್ತನ್ನೂ ಸೇರಿಸಿಕೊಳ್ಳಬಹುದು.

ಎರಡನೆಯದು, ರೋಗ ಖಚಿತವಾದವರನ್ನು ಕೆಲಸದಿಂದ ಬಿಡಿಸಬಾರದು. ಮೊದಲ ಕೆಲವು ವಾರ ವಿಶ್ರಾಂತಿ ಕೊಟ್ಟು, ವೈದ್ಯರು ಹೇಳಿದ ಮೇಲೆ ಹಗುರವಾದ ಕೆಲಸ ಕೊಡಬಹುದು. ಒಬ್ಬನನ್ನು ಬಿಡಿಸಿದರೆ ಹತ್ತು ಜನ ಕೆಮ್ಮನ್ನು ಬಚ್ಚಿಡುತ್ತಾರೆ.

ಮೂರನೆಯದು, ಚಿಕಿತ್ಸೆಯ ನಡುವೆ ಊರಿಗೆ ಹೋಗುವವರನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸಿಯೇ ಕಳುಹಿಸಬೇಕು. ಪ್ರತಿ ರೋಗಿಗೂ ನಿಕ್ಷಯ ಸಂಖ್ಯೆಯಿದ್ದು, ಅದರ ಮೇಲೆ ಚಿಕಿತ್ಸೆಯನ್ನು ಬೇರೆ ಊರಿಗೆ ವರ್ಗಾಯಿಸಲು ಅವಕಾಶವಿದೆ. ಕೊನೆಯ ಬಟವಾಡೆಯ ದಿನ ರೈಟರ್ ಇದೊಂದನ್ನು ವಿಚಾರಿಸಿದರೆ ಸಾಕು.

ನಾಲ್ಕನೆಯದು, ಲೈನು ಮನೆಗಳಿಗೆ ಎದುರುಬದುರು ಕಿಟಕಿ ಇಡಿಸಬೇಕು. ಸುಲಿಯುವ ಚಪ್ಪರವನ್ನು ಎರಡು ಕಡೆಯಾದರೂ ತೆರೆದಿರಿಸಬೇಕು. ಗಾಳಿಗೆ ಖರ್ಚಿಲ್ಲ.

ಐದನೆಯದು, ನಮ್ಮ ಸಂಘವು ನಿಕ್ಷಯ ಮಿತ್ರನಾಗಿ ನೋಂದಾಯಿಸಿಕೊಂಡು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಧ್ಯವಾದಷ್ಟು ರೋಗಿಗಳಿಗೆ ಮತ್ತು ಅವರ ಮನೆಯವರಿಗೆ ಆರು ತಿಂಗಳ ಅಕ್ಕಿ, ಬೇಳೆ, ಎಣ್ಣೆ ಒದಗಿಸಬೇಕು. ಒಂದು ಕ್ವಿಂಟಾಲ್ ರಾಶಿ ಅಡಿಕೆ ಮಾರಿದ ಹಣದಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳಿಗೆ ಇದನ್ನು ಕೊಡಬಹುದು. ಲಾಭಾಂಶದಲ್ಲಿ ತುಸು ತೆಗೆದಿಟ್ಟರೆ ಯಾರ ಮನೆಯೂ ಬರಿದಾಗದು.

ಕೊನೆಯದಾಗಿ ಸಂಶೋಧನಾ ಸಂಸ್ಥೆಗಳ ಬಗ್ಗೆ ಒಂದು ಮಾತು. ಬೆಂಗಳೂರಿನ ಸಂಸ್ಥೆ ಇಂದಿಗೂ ಇದೆ, ಸಿಬ್ಬಂದಿಗೆ ತರಬೇತಿ ಕೊಡುತ್ತಿದೆ, ರಾಷ್ಟ್ರಮಟ್ಟದ ಪ್ರಯೋಗಾಲಯವನ್ನು ನಡೆಸುತ್ತಿದೆ. ಪರೀಕ್ಷೆಯ ಯಂತ್ರಗಳೂ ಸುಧಾರಿಸಿವೆ. ಸೂಕ್ಷ್ಮದರ್ಶಕಕ್ಕೆ ಕಾಣದ ರೋಗಾಣುವನ್ನು ಒಂದೆರಡು ಗಂಟೆಯಲ್ಲಿ ಪತ್ತೆಹಚ್ಚುವ ಟ್ರೂನ್ಯಾಟ್ ಯಂತ್ರ ರೂಪುಗೊಂಡದ್ದೂ ಬೆಂಗಳೂರಿನಲ್ಲೇ. ಇವೆಲ್ಲ ಹೆಮ್ಮೆಯ ವಿಷಯ. ಆದರೆ 1960ರ ದಶಕದಲ್ಲಿ ಆ ಸಂಸ್ಥೆಗೆ ಕೀರ್ತಿ ತಂದದ್ದು ಯಂತ್ರವಲ್ಲ, ಹಳ್ಳಿಯವನ ಜಗಲಿಯ ಮೇಲೆ ಕುಳಿತು ಅವನ ಮಾತು ಕೇಳಿದ ತಾಳ್ಮೆ. ಲಕ್ಷಣವಿದ್ದೂ ಮೂರರಲ್ಲಿ ಇಬ್ಬರು ಏಕೆ ಆಸ್ಪತ್ರೆಗೆ ಹೋಗುತ್ತಿಲ್ಲ ಎಂಬ ಇಂದಿನ ಪ್ರಶ್ನೆಗೂ ಅದೇ ತಾಳ್ಮೆ ಬೇಕು. ನಮ್ಮ ತೋಟಗಳ ಕೆಲಸಗಾರರ ನಡುವೆ ಅಂಥ ಅಧ್ಯಯನ ನಡೆಸಲು ಯಾವ ಸಂಸ್ಥೆ ಮುಂದೆ ಬಂದರೂ, ಸಂಘದ ವತಿಯಿಂದ ಸಕಲ ಸಹಕಾರ ಕೊಡಬೇಕೆಂಬುದು ನಮ್ಮ ಅಭಿಮತ.

ಈ ವಿಷಯವನ್ನು ಮುಂಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಉದ್ದೇಶಿಸಲಾಗಿದೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಬರಹದ ಮೂಲಕ ಸಂಘದ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ಸುಗ್ಗಿ ಶುರುವಾಗುತ್ತದೆ. ಎರಡು ವಾರದಿಂದ ಕೆಮ್ಮುವವರು ತೋಟದಲ್ಲಿದ್ದರೆ ಮಹಾಸಭೆಯ ಠರಾವಿಗಾಗಿ ಕಾಯುವ ಅಗತ್ಯವಿಲ್ಲ.

— ಕಾರ್ಯದರ್ಶಿ